ಲ್ಯಾಪ್‌ಟಾಪ್‌ನಿಂದ ಅನಲಾಗ್ ಸಿಂಥ್ ನುಡಿಸಲು 12 ಬಿಟ್ ಡ್ಯಾಕ್ ಸಾಕಾ, 16 ಬಿಟ್ ಬೇಕಾ?

ಬಿಟ್ ಲೆಕ್ಕ ಬಿಡಿ. ಡ್ಯಾಕ್ ಅಂದರೆ ಕಂಪ್ಯೂಟರಿನ ಅಂಕಿಯನ್ನು ವೋಲ್ಟೇಜ್ ಮಾಡುವ ಚಿಪ್, ಬಿಟ್ ಜಾಸ್ತಿಯಾದಷ್ಟೂ ಅದರ ಪಾಲು ಸಣ್ಣ. ಆ ವೋಲ್ಟೇಜ್ ಹೇಳಿದ ಸ್ವರವನ್ನು ಸಿಂಥ್ (ಸಿಂಥಸೈಜರ್ ವಾದ್ಯ) ನುಡಿಸುತ್ತದೆ. ಆರ್ಡುಯಿನೊ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್) ಹಚ್ಚಿ ಮನೆಯಲ್ಲೇ ಇಂಥ ಡಬ್ಬಿ ಮಾಡಿಕೊಳ್ಳೋಣ ಅಂತ ಹೊರಟಾಗ ನಾನೂ ಇದೇ ಪ್ರಶ್ನೆಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ.

ನನ್ನದು ಕಲಬುರಗಿ. ಸಿಂಥ್ ಸೆಕೆಂಡ್ ಹ್ಯಾಂಡ್, ಆಕ್ಟೇವ್‌ಗೆ 1 ವೋಲ್ಟ್ ಲೆಕ್ಕದ್ದು. ಒಂದು ವೋಲ್ಟ್ ಏರಿಸಿದರೆ ಮಧ್ಯ ಸಾ ಇದ್ದದ್ದು ಮೇಲಿನ ಸಾ ಆಗುತ್ತದೆ. ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ ಸುಮಾರು 83 ಮಿಲಿವೋಲ್ಟ್. ಹೈದರಾಬಾದ್‌ಗೆ ಹೋದಾಗ ಕೋಠಿಯ ಗುಜರಾತಿ ಗಲ್ಲಿಯಿಂದ ಎಂಸಿಪಿ4725 ಅನ್ನುವ ಡ್ಯಾಕ್ ಬೋರ್ಡ್ ತಂದೆ. 12 ಬಿಟ್‌ದು, 5 ವೋಲ್ಟನ್ನು 4096 ಪಾಲು ಮಾಡುತ್ತದೆ, ಒಂದು ಪಾಲು ಸುಮಾರು 1.2 ಮಿಲಿವೋಲ್ಟ್. ಅಷ್ಟು ಸಣ್ಣ ವ್ಯತ್ಯಾಸ ಹಾಡಿನ ನಡುವೆ ಯಾರ ಕಿವಿಗೂ ಸಿಗುವುದಿಲ್ಲ. ರಾತ್ರಿ ಕೂತು ಅಪ್ಪನ ಹಾರ್ಮೋನಿಯಂ ಜೊತೆ ಶ್ರುತಿ ಕೂಡಿಸಿದೆ, ಸರಿಯಾಗಿ ಕೂಡಿತು.

ಮರುದಿನ ಮಧ್ಯಾಹ್ನ ನೋಡಿದರೆ ಕೆಳಗಿನ ಸ್ವರ ಚೂರು ಇಳಿದಿವೆ, ಮೇಲೆ ಹೋದಷ್ಟೂ ಜಾಸ್ತಿ ಇಳಿದಿವೆ. ಮೇ ತಿಂಗಳು, ನಮ್ಮ ಊರ ಬಿಸಿಲು ನಿಮಗೆ ಗೊತ್ತಲ್ವಾ. ಅನಲಾಗ್ ಆಸಿಲೇಟರ್ (ಸಿಂಥ್ ಒಳಗೆ ಸ್ವರ ಹುಟ್ಟಿಸುವ ಸರ್ಕ್ಯೂಟ್) ಬಿಸಿಗೆ ಶ್ರುತಿ ಬಿಡುತ್ತದೆ ಅಂತ ಓದಿದ್ದೆ, ಅದು ಸುಳ್ಳೂ ಅಲ್ಲ. ಹಾಗಾಗಿ ಸಿಂಥ್‌ನ ತಳ ಬಿಚ್ಚಿ ಒಳಗಿನ ಸ್ಕೇಲ್ ಟ್ರಿಮ್ಮರ್ (ಒಂದು ವೋಲ್ಟಿಗೆ ಸ್ವರ ಎಷ್ಟು ಏರಬೇಕು ಅಂತ ಹೊಂದಿಸುವ ತಿರುಪು) ತಿರುಗಿಸಿದೆ. ರಾತ್ರಿ ಮತ್ತೆ ತಪ್ಪು, ಮತ್ತೆ ತಿರುಗಿಸಿದೆ. ಎರಡು ವಾರ ಹೀಗೇ ಮಾಡಿ, ಚೆನ್ನಾಗಿದ್ದ ಸಿಂಥನ್ನು ನನ್ನ ಕೈಯಾರೆ ಹಾಳು ಮಾಡಿದೆ.

ಕೊನೆಗೆ ಸೂಪರ್ ಮಾರ್ಕೆಟ್ ಕಡೆ ಟಿವಿ ರಿಪೇರಿ ಮಾಡುವ ಒಬ್ಬ ಕಾಕಾ ಹತ್ತಿರ ಎಲ್ಲಾ ಹೊತ್ತುಕೊಂಡು ಹೋದೆ. ಅವರು ಸಿಂಥ್ ಮುಟ್ಟಲೇ ಇಲ್ಲ. "ಮೊದ್ಲ ಸಪ್ಲೈ ನೋಡಿದೇನು ತಮ್ಮಾ?" ಅಂದು ಡ್ಯಾಕ್ ಬೋರ್ಡಿಗೆ ಮೀಟರ್ ಹಿಡಿದರು. 4.98 ವೋಲ್ಟ್. ಬೋರ್ಡಿಗೆ ಕರೆಂಟ್ ಬರುತ್ತಿದ್ದದ್ದು ಲ್ಯಾಪ್‌ಟಾಪ್‌ನ ಯುಎಸ್‌ಬಿ ಹಬ್‌ನಿಂದ, ಹಗಲು ನಾನು ಅದೇ ಹಬ್‌ಗೆ ಹಾರ್ಡ್ ಡಿಸ್ಕ್ ಚುಚ್ಚುತ್ತಿದ್ದೆ. ಅದನ್ನು ಚುಚ್ಚಿದ ಕೂಡಲೇ 4.82.

ಆ ಚಿಪ್‌ಗೆ ತನ್ನದೇ ಅಳತೆಗೋಲು ಇಲ್ಲ. ಬಂದ ಸಪ್ಲೈಯನ್ನೇ ಪೂರ್ತಿ ಅಳತೆ ಅಂದುಕೊಂಡು ಅದನ್ನೇ 4096 ಪಾಲು ಮಾಡುತ್ತದೆ. ಯುಎಸ್‌ಬಿಯ 5 ವೋಲ್ಟ್ ಕುಸಿದರೆ ಎಲ್ಲಾ ಸ್ವರ ಅದೇ ಪ್ರಮಾಣದಲ್ಲಿ ಕುಸಿಯುತ್ತವೆ. 4 ವೋಲ್ಟ್ ಬರಬೇಕಾದ ಕಡೆ 3.87 ಬರುತ್ತದೆ, ಅಂದರೆ ಹಾರ್ಮೋನಿಯಂನಲ್ಲಿ ಒಂದೂವರೆ ಮನೆ ಕೆಳಗೆ. 1 ವೋಲ್ಟ್‌ನ ಸ್ವರದಲ್ಲಿ ಇದೇ ತಪ್ಪು ಬರೀ 30 ಮಿಲಿವೋಲ್ಟ್ ಚಿಲ್ಲರೆ. ಮೇಲಿನ ಸ್ವರಗಳೇ ಜಾಸ್ತಿ ಕೆಟ್ಟದ್ದು ಇದಕ್ಕೆ. ಈ ಜಾಗದಲ್ಲಿ 16 ಬಿಟ್ ಚಿಪ್ ಇದ್ದಿದ್ದರೆ ತಪ್ಪು ಸ್ವರವನ್ನೇ ಇನ್ನೂ ನುಣ್ಣಗೆ ನುಡಿಸುತ್ತಿತ್ತು, ಅಷ್ಟೇ.

ಮೀಟರ್ ನನ್ನ ಹತ್ತಿರವೂ ಇತ್ತು. ಡ್ಯಾಕ್‌ನಿಂದ ಬರುವ ವೋಲ್ಟೇಜ್ ಒಮ್ಮೆ ಅಳೆದಿದ್ದರೆ ಎರಡು ನಿಮಿಷದ ಕೆಲಸ. ಅದು ಅಲ್ಲಾಡದೆ ನಿಂತಿದ್ದೂ ಸ್ವರ ಜಾರಿದರೆ ಆಗ ಸಿಂಥ್ ಮೇಲೆ ಅನುಮಾನ ಪಡಬೇಕು. ನಾನು ಬಿಸಿಲನ್ನೇ ಬೈಯುತ್ತಾ ಕೂತೆ.

ಆಮೇಲೆ ಎಂಸಿಪಿ4822 ಹಾಕಿದೆ. ಇದೂ 12 ಬಿಟ್ಟೇ. ಆದರೆ ಒಳಗೇ 2.048 ವೋಲ್ಟ್ ರೆಫರೆನ್ಸ್, ಅಂದರೆ ತನ್ನದೇ ಅಳತೆಗೋಲು ಇದೆ, ಗೇನ್ (ವೋಲ್ಟೇಜ್ ಹಿಗ್ಗಿಸುವ ಪ್ರಮಾಣ) ಎರಡು ಪಟ್ಟು ಇಟ್ಟರೆ ಒಂದು ಪಾಲಿಗೆ ಸರಿಯಾಗಿ 1 ಮಿಲಿವೋಲ್ಟ್, ಒಟ್ಟು ಹತ್ತಿರಹತ್ತಿರ ನಾಲ್ಕು ಆಕ್ಟೇವ್. ಹಾರ್ಡ್ ಡಿಸ್ಕ್ ಚುಚ್ಚಿದರೂ ಸ್ವರ ಅಲ್ಲಾಡುವುದಿಲ್ಲ. ಪ್ರೋಗ್ರಾಂನಲ್ಲಿ ಮೊದಲು ವೋಲ್ಟೇಜ್ ಬರೆದು ಆಮೇಲೆ ಗೇಟ್ (ಸ್ವರ ಶುರು ಮಾಡು ಅನ್ನುವ ಸಿಗ್ನಲ್) ಎತ್ತಿ, ಇಲ್ಲದಿದ್ದರೆ ಪ್ರತಿ ಸ್ವರದ ಶುರುವಿಗೂ ಹಳೇ ಸ್ವರ ಇಣುಕುತ್ತದೆ.

ಇನ್ನು ಸಿಂಥ್‌ಗೆ ಮಿಡಿ ಇನ್ ಸಾಕೆಟ್ (ಕಂಪ್ಯೂಟರಿನಿಂದ ಸ್ವರದ ಆದೇಶವನ್ನು ನೇರ ತೆಗೆದುಕೊಳ್ಳುವುದು) ಇದ್ದರೆ ಡ್ಯಾಕ್ ಗೊಡವೆಗೇ ಹೋಗಬೇಡಿ, ಅದರಲ್ಲೇ ನುಡಿಸಿ. ಅದ್ಯಾವ ಸಿಂಥ್ ಅಂತ ನೀವು ಬರೆದೇ ಇಲ್ಲ ನೋಡಿ. ಹಳೇ ಕೋರ್ಗ್ ಎಂಎಸ್-20 ಆಗಿದ್ದರೆ ನಾನು ಮೇಲೆ ಹೇಳಿದ ಲೆಕ್ಕ ನಡೆಯುವುದಿಲ್ಲ, ಅದರಲ್ಲಿ ಒಂದೊಂದು ಆಕ್ಟೇವ್‌ಗೂ ವೋಲ್ಟೇಜ್ ಎರಡು ಪಟ್ಟಾಗಬೇಕು. ಚಿಪ್ ತರುವ ಮೊದಲು ಅದನ್ನು ಹೇಳಿ.