1970ರ ದಶಕದ ಸವೆದ ಎಲೆಕ್ಟ್ರಿಕ್ ಗಿಟಾರನ್ನು ಸರಿಮಾಡುವುದು ಎಲ್ಲಿಂದ ಶುರು ಮಾಡಲಿ? ಬಣ್ಣ ಕೆರೆದು ಹೊಸದಾಗಿ ಹೊಡೆಯಬೇಕೇ?

ಬಣ್ಣ ಕೆರೆಯಬೇಡಿ. ಮಿಕ್ಕ ಯಾವ ತಪ್ಪನ್ನಾದರೂ ತಿದ್ದಿಕೊಳ್ಳಬಹುದು, ಇದೊಂದನ್ನು ಆಗುವುದಿಲ್ಲ. ಮೂರು ಸಿಂಗಲ್ ಕಾಯಿಲ್ ಪಿಕಪ್‌ಗಳಲ್ಲಿ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಒಂದೇ ತಾಮ್ರದ ಸುರುಳಿಯ ಭಾಗಗಳು) ನಡುವಿನದಕ್ಕೆ ಸದ್ದಿಲ್ಲ, ನಾಬ್ ತಿರುಗಿಸಿದರೆ ಕರಕರ, ಮೊದಲ ಐದು ಫ್ರೆಟ್‌ಗಳಲ್ಲಿ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳು) ತಂತಿ ಕೊರೆದ ಗುಳಿ, ಬಾಡಿಯ ಮೇಲೆಲ್ಲ ಕೂದಲೆಳೆಯಷ್ಟು ಬಿರುಕು ಎಂದು ಬರೆದಿದ್ದೀರಿ. ಮೊದಲ ಮೂರಕ್ಕೆ ರಿಪೇರಿ ಬೇಕು. ಬಿರುಕಿಗೆ ಬೇಡ. ಹಳೆಯ ಗಿಟಾರಿನ ಬೆಲೆಯ ದೊಡ್ಡ ಪಾಲು ಅದರ ಮೂಲ ಬಣ್ಣದಲ್ಲೇ ಇರುತ್ತದೆ, ಎಷ್ಟೇ ಸವೆದಿದ್ದರೂ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಗಿಟಾರಿಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಮತ್ತು ಟೋನ್ ಪೂರ್ತಿ ತೆರೆದು, ಕೇಬಲ್‌ನ ಇನ್ನೊಂದು ಪ್ಲಗ್‌ನ ತುದಿಗೂ ಬುಡಕ್ಕೂ ಮೀಟರ್ ಇಟ್ಟು ಸ್ವಿಚ್‌ನಿಂದ ಒಂದೊಂದೇ ಪಿಕಪ್ ಆಯ್ದುಕೊಂಡು ಓದಿ. ಈ ಬಗೆಯ ಪಿಕಪ್ ಸಾಮಾನ್ಯವಾಗಿ 5.5ರಿಂದ 6.5 ಕಿಲೋಓಮ್ ತೋರಿಸುತ್ತದೆ. 250 ಕಿಲೋಓಮ್‌ನ ವಾಲ್ಯೂಮ್ ಪಾಟ್ (ನಾಬ್‌ನ ಅಡಿಯ, ತಿರುಗಿಸಿದಂತೆ ರೋಧ ಬದಲಾಗುವ ಭಾಗ) ಪಕ್ಕದಲ್ಲಿ ಸಮಾಂತರವಾಗಿ ಕೂತಿರುವುದರಿಂದ ನಿಜವಾದ 6 ಕಿಲೋಓಮ್ ಇಲ್ಲಿ ಸುಮಾರು 5.86 ಎಂದು ಕಾಣುತ್ತದೆ, ಗಾಬರಿ ಬೇಡ. ನಡುವಿನ ಪಿಕಪ್‌ನಲ್ಲಿ 250 ಕಿಲೋಓಮ್ ಹತ್ತಿರ ಬಂದರೆ ಮೀಟರ್ ಅಳೆಯುತ್ತಿರುವುದು ಬರೀ ಪಾಟನ್ನು, ಅಂದರೆ ಪಿಕಪ್‌ನಲ್ಲೋ ಸ್ವಿಚ್‌ನಲ್ಲೋ ದಾರಿ ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಬಿಸಿ ತಂತಿ (ಸಂಕೇತವನ್ನು ಒಯ್ಯುವ ವೈರ್) ಗ್ರೌಂಡಿಗೆ ತಾಗುತ್ತಿದೆ.

ಆಮೇಲೆ ಪಿಕ್‌ಗಾರ್ಡ್ (ಬಾಡಿಯ ಮುಂಭಾಗದ ತೆಳು ಹಲಗೆ) ಬಿಚ್ಚಿ, ಪ್ರತಿ ಬೆಸುಗೆಯ ಫೋಟೋ ತೆಗೆಯಿರಿ. ಪಾಟ್‌ಗಳ ಬೆನ್ನಿನ ಸಂಖ್ಯೆಯನ್ನೂ ಬರೆದುಕೊಳ್ಳಿ: 1377633 ಎಂದಿದ್ದರೆ 137 ಎಂಬುದು ಸಿಟಿಎಸ್ ಕಂಪನಿಯ ಗುರುತು, 76 ವರ್ಷ, 33 ವಾರ. ಗಿಟಾರು ಆ ವಾರಕ್ಕಿಂತ ಹಿಂದೆ ತಯಾರಾಗಿರಲು ಸಾಧ್ಯವಿಲ್ಲ (ಪಾಟನ್ನು ನಡುವೆ ಯಾರೂ ಬದಲಿಸಿಲ್ಲದಿದ್ದರೆ).

ಕರಕರ ಸದ್ದಿಗೆ ಪಾಟ್ ಬದಲಿಸುವ ಅಗತ್ಯ ಅಪರೂಪ. ಕಾಲುಗಳ ಮೇಲಿರುವ ಸಣ್ಣ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಚಿಮುಕು ಹೊಡೆದು, ಈ ಕೊನೆಯಿಂದ ಆ ಕೊನೆಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಸ್ವಿಚ್‌ಗೂ ಕೇಬಲ್ ಚುಚ್ಚುವ ಜಾಕಿಗೂ ಅದೇ ಔಷಧ. ಡಬ್ಲ್ಯುಡಿ-40ರಂಥ ತುಕ್ಕು ಬಿಡಿಸುವ ಎಣ್ಣೆ ಬೇಡ, ಉಳಿಯುವ ಜಿಡ್ಡು ಧೂಳನ್ನು ಹಿಡಿದುಕೊಂಡು ತೊಂದರೆ ಮತ್ತೆ ಶುರುವಾಗುತ್ತದೆ.

ಸ್ವಿಚ್ ಶುಚಿ ಮಾಡಿದ ಮೇಲೂ ನಡುವಿನ ಪಿಕಪ್ ಮೌನವಾಗಿದ್ದರೆ ಅದರ ಬಿಸಿ ತಂತಿಯನ್ನು ಸ್ವಿಚ್‌ನಿಂದ ಬಿಡಿಸಿ ನೇರವಾಗಿ ಅಳೆಯಿರಿ. ಕಾಯಿಲ್‌ನ ತಾಮ್ರದ ಎಳೆ 42 ಗೇಜಿನದು, ಸುಮಾರು 0.063 ಮಿಲಿಮೀಟರ್. ಬೆವರಿನ ಉಪ್ಪು, ತೇವ, ಇಲ್ಲವೇ ಬೆರಳಿನ ಒಂದು ತಳ್ಳು ಸಾಕು ತುಂಡಾಗಲು. ಅದೃಷ್ಟವಿದ್ದರೆ ಪಿಕಪ್‌ನ ತಳದ ಬೆಸುಗೆ ಬಿಂದುವಿನ ಹತ್ತಿರವೇ ತುಂಡಾಗಿರುತ್ತದೆ. ಭೂತಗನ್ನಡಿ ಹಿಡಿದು ನೋಡಿ. ಹೊರ ಸುತ್ತಿನ ತುದಿಯಾಗಿದ್ದರೆ ಒಂದು ಸುತ್ತು ಬಿಡಿಸಿ, ತುದಿಯ ಎನಾಮಲ್ ಮೆಲ್ಲಗೆ ಉಜ್ಜಿ ತೆಗೆದು ಮತ್ತೆ ಬೆಸೆಯಬಹುದು. ಒಳ ಸುತ್ತಿನ ತುದಿ ಕಾಯಿಲ್‌ನ ಅಡಿಯಲ್ಲಿ ಹುದುಗಿರುವುದರಿಂದ ಹೊಸದಾಗಿ ಸುತ್ತಿಸುವುದೇ ದಾರಿ. ಆಗಲೂ ಮೂಲ ಅಯಸ್ಕಾಂತ, ಫೈಬರ್ ತಟ್ಟೆಗಳನ್ನೇ ಉಳಿಸಿಕೊಳ್ಳಿ. ಸುತ್ತುವವರಿಗೆ ಉಳಿದೆರಡು ಪಿಕಪ್‌ಗಳ ಓಮ್ ಅಳತೆ, ಸುತ್ತಿನ ದಿಕ್ಕು, ಅಯಸ್ಕಾಂತದ ಯಾವ ಧ್ರುವ ಮೇಲಿದೆ ಎಂಬುದನ್ನು ಬರೆದು ಕೊಡಿ. ದಿಕ್ಕು ತಪ್ಪಿದರೆ ಎರಡು ಪಿಕಪ್ ಒಟ್ಟಿಗೆ ನುಡಿಸಿದಾಗ ಸದ್ದು ಬಡಕಲಾಗಿ ಮೂಗಿನಿಂದ ಬಂದಂತೆ ಕೇಳುತ್ತದೆ.

ಬೆಸುಗೆಗೆ ರೋಸಿನ್ ಇರುವ 60/40 (ತವರ-ಸೀಸ) ಸಾಲ್ಡರ್, ಸಾಲ್ಡರಿಂಗ್ ಐರನ್‌ನ ಶಾಖ 350ರಿಂದ 380 ಡಿಗ್ರಿ ಸೆಲ್ಸಿಯಸ್. ನೀರಿನ ಪೈಪಿಗೆ ಬಳಸುವ ಆಸಿಡ್ ಫ್ಲಕ್ಸ್ ಮುಟ್ಟಲೇಬೇಡಿ, ಕೆಲವು ತಿಂಗಳಲ್ಲಿ ತಾಮ್ರವನ್ನು ತಿಂದುಹಾಕುತ್ತದೆ. ಪಾಟ್‌ನ ಬೆನ್ನು ಶಾಖವನ್ನು ಹೀರಿಕೊಳ್ಳುತ್ತದೆ. ಅಲ್ಲಿಗೆ ಸೂಜಿಮೊನೆಯಲ್ಲ, ಅಗಲ ಮೊನೆಯ ಐರನ್ ಬೇಕು, ಇಲ್ಲದಿದ್ದರೆ ಹೊತ್ತುಗಟ್ಟಲೆ ಒತ್ತಿ ಹಿಡಿದು ಒಳಗಿನ ಕಾರ್ಬನ್ ಪಟ್ಟಿಯನ್ನೇ ಸುಡುತ್ತೀರಿ. ಪಾಟ್ ಬದಲಿಸಲೇಬೇಕಾದರೆ ಕೊಳ್ಳುವ ಮೊದಲು ದಂಡದ ಹಲ್ಲು ಎಣಿಸಿ: ಇಂಚಿನ ಅಳತೆಯ ಸಿಟಿಎಸ್ ಪಾಟ್‌ಗಳಲ್ಲಿ 24, ಮಿಲಿಮೀಟರ್ ಅಳತೆಯ ಪಾಟ್‌ಗಳಲ್ಲಿ ಸಾಮಾನ್ಯವಾಗಿ 18. ಹೊಂದದ ನಾಬನ್ನು ಒತ್ತಿ ಕೂರಿಸಿದರೆ ಹಳೆಯ ಪ್ಲಾಸ್ಟಿಕ್ ಸೀಳುತ್ತದೆ.

ಇನ್ನು ಫ್ರೆಟ್. ಇಡೀ ಗಿಟಾರಿನಲ್ಲಿ ಕೈಗೆ ಗೊತ್ತಾಗುವ ಬದಲಾವಣೆ ಬರುವುದು ಇಲ್ಲಿಂದ, ಅವಸರಕ್ಕೆ ಬಲಿಯಾಗುವುದೂ ಇಲ್ಲೇ. ಸವೆಯದ ಕಡೆ ಫ್ರೆಟ್‌ನ ಎತ್ತರ ಅಳೆಯಿರಿ, ಗುಳಿಯ ಆಳವನ್ನೂ ಅಂದಾಜಿಸಿ. ಮಟ್ಟ ಮಾಡಿದ ಮೇಲೆ 0.7 ಮಿಲಿಮೀಟರಿಗಿಂತ ಹೆಚ್ಚು ಉಳಿಯುವಂತಿದ್ದರೆ ಮಟ್ಟ ಮಾಡಿ. ಅದಕ್ಕಿಂತ ಕಡಿಮೆಯಾಗುವಂತಿದ್ದರೆ ಸವೆದ ಫ್ರೆಟ್‌ಗಳನ್ನು ಬದಲಿಸುವುದೇ ಸರಿ. ಫ್ರೆಟ್ ಕೀಳುವಾಗ ಹಳೆಯ ಮರ ಚಕ್ಕೆ ಏಳುತ್ತದೆ. ಆ ಕೆಲಸ ಮೊದಲ ಸಲವಾದರೆ ಈ ಗಿಟಾರಿನ ಮೇಲೆ ಕಲಿಯಬೇಡಿ.

ಮಟ್ಟ ಮಾಡುವುದು ಹೀಗೆ: ತಂತಿ ತೆಗೆದು, ಉದ್ದನೆಯ ನೇರಪಟ್ಟಿ ಇಟ್ಟು, ಟ್ರಸ್ ರಾಡ್‌ನಿಂದ (ನೆಕ್ ಒಳಗಿನ, ಬಾಗು ಸರಿಪಡಿಸುವ ಲೋಹದ ಸರಳು) ನೆಕ್ಕನ್ನು ಪೂರ್ತಿ ನೇರ ಮಾಡಿ. ಹಳೆಯ ರಾಡನ್ನು ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಬಿಗಿಯಾಗಿ ನಿಂತುಬಿಟ್ಟರೆ ಬಲ ಹಾಕುವ ಬದಲು ಅದರ ನಟ್ಟನ್ನು ಹೊರತೆಗೆದು, ಥ್ರೆಡ್ ಉಜ್ಜಿ, ಒಂದು ಹನಿ ಎಣ್ಣೆ ಬಿಡಿ. ನಟ್ಟು ಕೊನೆ ಮುಟ್ಟಿದ್ದರೆ ಒಳಗೊಂದು ವಾಷರ್ ಹಾಕಿದರೆ ಮತ್ತೆ ಬಿಗಿಯಲು ಜಾಗ ಸಿಗುತ್ತದೆ. ಫ್ರೆಟ್‌ಗಳ ನಡುವಿನ ಮರಕ್ಕೆ ಟೇಪ್ ಅಂಟಿಸಿ, ಪ್ರತಿ ಫ್ರೆಟ್‌ನ ನೆತ್ತಿಗೆ ಮಾರ್ಕರ್ ಬಳಿದು, ನೇರವಾದ ಲೋಹದ ಪಟ್ಟಿಗೆ 320 ಅಥವಾ 400 ನಂಬರಿನ ಉಜ್ಜುಕಾಗದ ಅಂಟಿಸಿ ತಂತಿಯ ದಾರಿಯಲ್ಲೇ ಎಳೆಯಿರಿ. ಎಲ್ಲ ಫ್ರೆಟ್‌ನ ಮಸಿ ಅಳಿಸಿಹೋದ ಕೂಡಲೇ ನಿಲ್ಲಿಸಿ. ಈಗ ನೆತ್ತಿ ಚಪ್ಪಟೆಯಾಗಿರುತ್ತದೆ. ಹಾಗೇ ಬಿಟ್ಟರೆ ಸ್ವರ ಅಂಚಿನಿಂದ ಹೊರಟು ಶ್ರುತಿ ತಪ್ಪುತ್ತದೆ. ಮತ್ತೆ ಮಾರ್ಕರ್ ಬಳಿದು, ಫ್ರೆಟ್ ಅರದಿಂದ ಎರಡೂ ಬದಿ ದುಂಡಗೆ ಮಾಡುತ್ತ ಬಂದು, ನಡುವೆ ತೆಳುವಾದ ಒಂದು ಗೆರೆ ಮಸಿ ಮಾತ್ರ ಉಳಿಸಿ. ಬಳಿಕ 600, 800, 1000, 2000 ಎಂದು ಹೊಳಪು. ಉಕ್ಕಿನ ನಾರು ಬಳಸುವಿರಾದರೆ ಪಿಕಪ್‌ಗಳನ್ನು ಬೇರೆ ಕೋಣೆಯಲ್ಲಿಡಿ. ಅದರ ಸಣ್ಣ ಚೂರುಗಳನ್ನು ಅಯಸ್ಕಾಂತ ಎಳೆದುಕೊಂಡರೆ ಪೂರ್ತಿ ಬಿಡಿಸುವುದು ಬಲು ಕಷ್ಟ.

ನೆಕ್ ಬಿಚ್ಚಿದಾಗ ಅದರ ಬುಡದ ಗುಂಡಿಯಲ್ಲಿ ಕಾಗದದ ಅಥವಾ ಫೈಬರ್‌ನ ಚೂರು ಸಿಕ್ಕರೆ ಎಸೆಯಬೇಡಿ, ಕೋನ ಸರಿಮಾಡಲು ಕಾರ್ಖಾನೆಯಲ್ಲೇ ಇಟ್ಟದ್ದಿರಬಹುದು. ಜಗ್ಗದ ಸ್ಕ್ರೂವಿನ ತಲೆಗೆ ಬಿಸಿ ಐರನ್ ಅರ್ಧ ನಿಮಿಷ ಹಿಡಿದು, ಆರಿದ ಮೇಲೆ ತಿರುಗಿಸಿ. ಸಡಿಲವಾದ ತೂತಿಗೆ ಮರದ ಕಡ್ಡಿ, ಅಂಟು ಸಾಕು. ಬ್ರಿಜ್‌ನ (ಬಾಡಿಯ ಮೇಲೆ ತಂತಿಗಳು ಕೂರುವ ಭಾಗ) ತುಕ್ಕು ಹಿಡಿದ ಸ್ಕ್ರೂಗಳಿಗೆ ಎಣ್ಣೆ ಹಾಕುವುದನ್ನು ಬಾಡಿಯಿಂದ ದೂರ ಮಾಡಿ, ಒಂದು ದಿನ ನೆನೆಯಲಿ.

ಬಣ್ಣಕ್ಕೆ ಬರೋಣ. ಪಿಕ್‌ಗಾರ್ಡ್ ಅಡಿ, ಕಣ್ಣಿಗೆ ಬೀಳದ ಜಾಗದಲ್ಲಿ, ಹತ್ತಿಕಡ್ಡಿಯಿಂದ ಒಂದು ಚುಕ್ಕೆ ಅಸಿಟೋನ್ ಇಡಿ. ಕ್ಷಣದಲ್ಲಿ ಅಂಟಾದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್, ಏನೂ ಆಗದಿದ್ದರೆ ಸಾಮಾನ್ಯವಾಗಿ ಪಾಲಿಯೆಸ್ಟರ್. ಬಾಡಿಯ ಮೇಲೆ ಒಂದು ಬಗೆ, ನೆಕ್ಕಿನ ತಲೆಯ ಮೇಲೆ ಇನ್ನೊಂದು ಬಗೆ ಹೊಡೆದ ಗಿಟಾರುಗಳೂ ಇವೆ. ಕೊಳೆಗೆ ಮೆತ್ತನೆ ಬಟ್ಟೆಯಲ್ಲಿ ನ್ಯಾಫ್ತಾ (ಲೈಟರ್ ಎಣ್ಣೆ) ಎರಡಕ್ಕೂ ಸರಿ. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ, ಒದ್ದೆ ಬಟ್ಟೆಯನ್ನು ಹೊರಗೆ ಹರಡಿ ಒಣಗಿಸಿ. ಬಿರುಕುಗಳ ಮೇಲೆ ಪಾಲಿಶ್ ಕಾಂಪೌಂಡ್ ಉಜ್ಜಿದರೆ ಬಿಳಿ ಪುಡಿ ಒಳಗೆ ಕೂತು ಎದ್ದು ಕಾಣುತ್ತದೆ. ಸಿಲಿಕೋನ್ ಪಾಲಿಶ್ ಇನ್ನೂ ಕೆಟ್ಟದ್ದು, ಮುಂದೆ ಲ್ಯಾಕರ್ ಹಚ್ಚಿದರೂ ಹಿಡಿಯುವುದಿಲ್ಲ. ಏಳುತ್ತಿರುವ ಚಕ್ಕೆಯ ಅಂಚಿಗೆ ಮಾತ್ರ ಪಾಲಿಯೆಸ್ಟರಾದರೆ ತೆಳು ಸೂಪರ್ ಗ್ಲೂ, ನೈಟ್ರೋ ಆದರೆ ಅದೇ ಲ್ಯಾಕರ್‌ನ ಹನಿ.

ಕೊನೆಗೆ ತಂತಿ ಹಾಕಿ ಅಳತೆ. ಮೊದಲ ಮತ್ತು ಕೊನೆಯ ಫ್ರೆಟ್ ಒತ್ತಿದಾಗ ಏಳನೆಯದರ ಮೇಲೆ 0.25ರಿಂದ 0.3 ಮಿಲಿಮೀಟರ್ ಸಂದಿ. 12ನೇ ಫ್ರೆಟ್‌ನಲ್ಲಿ ದಪ್ಪ ತಂತಿ 2.0, ತೆಳು ತಂತಿ 1.6 ಮಿಲಿಮೀಟರ್ ಎತ್ತರ. ಇದಕ್ಕಿಂತ ಇಳಿಸುವ ಆಸೆ ಬೇಡ: ಹಳೆಯ ಫ್ರೆಟ್‌ಬೋರ್ಡುಗಳ ಉಬ್ಬು ಹೆಚ್ಚು (ಅನೇಕದರಲ್ಲಿ 7.25 ಇಂಚಿನ ತ್ರಿಜ್ಯ), ತಂತಿ ಎಳೆದು ಬಾಗಿಸಿದಾಗ ಮೇಲಿನ ಫ್ರೆಟ್‌ಗೆ ತಾಗಿ ಸ್ವರ ಸತ್ತುಹೋಗುತ್ತದೆ. 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಅಲ್ಲಿಯ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಮೆಲ್ಲಗೆ ಮುಟ್ಟಿ ಹೊರಡಿಸುವ ಸ್ವರ) ಏರಿದ್ದರೆ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ಸಣ್ಣ ತುಂಡು) ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಒಂದು ದಿನ ಬಿಟ್ಟು ಮತ್ತೊಮ್ಮೆ ಅಳೆಯಿರಿ, ತಂತಿಯ ಎಳೆತಕ್ಕೆ ನೆಕ್ ಹೊಂದಿಕೊಳ್ಳಲು ಸಮಯ ಬೇಕು. ನೈಟ್ರೋ ಬಣ್ಣವಾಗಿದ್ದರೆ ರಬ್ಬರ್ ತೋಳಿನ ಸ್ಟ್ಯಾಂಡಿಗೆ ಹತ್ತಿ ಬಟ್ಟೆ ಸುತ್ತಿಯೇ ಗಿಟಾರ್ ನಿಲ್ಲಿಸಿ. ಬರಿಯ ರಬ್ಬರ್ ತಾಗಿದ ಕಡೆ ಲ್ಯಾಕರ್ ಮೆತ್ತಗಾಗಿ ಅಂಟಿಕೊಳ್ಳುತ್ತದೆ.