‘ಎಲ್ಲಿ ಹಾಕೋಣ’ ಅನ್ನುವ ಮೊದಲು ಕಿವಿ ತೋರಿಸಿ

ಈ ಸಲ ಬಂದ ಪತ್ರಗಳನ್ನು ಹರಡಿಕೊಂಡು ಕೂತರೆ ಎಲ್ಲದರಲ್ಲೂ ಒಂದೇ ಕ್ರಿಯಾಪದ: ಹಾಕು. ‘ಮಗನನ್ನು ನರ್ಸರಿಗೆ ಹಾಕೋದೋ ಅಂಗನವಾಡಿಗೆ ಹಾಕೋದೋ’, ‘ಎರಡೂವರೆಗೇ ಹಾಕಬಹುದಾ’, ‘ಬೆಳಗಾವಿಯೊಳಗ ಚಲೋ ಸಾಲಿ ಯಾವುದೈತ್ರಿ, ಹಾಕಬೇಕಂತೀವಿ’. ಜೋಳವನ್ನು ಹಗೇವಿಗೆ ಹಾಕುತ್ತಾರೆ, ದುಡ್ಡನ್ನು ಬ್ಯಾಂಕಿಗೆ ಹಾಕುತ್ತಾರೆ. ಹಾಕಿದ ಮೇಲೆ ಬೇಕಾದಾಗ ತೆಗೆದರಾಯಿತು, ನಡುವೆ ಮರೆತಿದ್ದರೂ ನಡೆಯುತ್ತದೆ. ಕೂಸನ್ನು ಹಾಗೆ ಹಾಕಿಟ್ಟು ಬರಲು ಆಗುವುದಿಲ್ಲ ಎಂದು ಇಪ್ಪತ್ತಾರು ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ಲಸಿಕೆ, ಎದೆಹಾಲು, ತೂಕದ ಸಂಗತಿಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅವೆಲ್ಲ ನಿಮ್ಮ ತಾಯಿ ಕಾರ್ಡಿನಲ್ಲಿವೆ, ತೆಗೆದು ಓದಿ.

*ನಮ್ಮದು ಬನಹಟ್ಟಿ. ಮನೆಯಲ್ಲೇ ನಾಲ್ಕು ಪಾವರ್‌ಲೂಮ್ ಇವೆ. ಮಗನಿಗೆ 2 ವರ್ಷ 8 ತಿಂಗಳು. ‘ಅವ್ವ’, ‘ಬಾ’ ಬಿಟ್ಟರೆ ಮಾತಿಲ್ಲ. ಏನು ಬೇಕಾದರೂ ನಮ್ಮ ಕೈ ಹಿಡಿದು ಎಳೆದುಕೊಂಡು ಹೋಗುತ್ತಾನೆ. ತಾಟು ಬಡಿದರೆ ತಿರುಗಿ ನೋಡುತ್ತಾನೆ, ಹಾಗಾಗಿ ಕಿವಿ ಚೆನ್ನಾಗಿದೆ. ಅತ್ತೆಯವರು ದಿನಾ ಬಜೆ ತೇಯ್ದು ನೆಕ್ಕಿಸುತ್ತಾರೆ. ಅವರಪ್ಪನೂ ನಾಲ್ಕು ವರ್ಷಕ್ಕೆ ಮಾತಾಡಿದ್ದಂತೆ. ಅಂಗನವಾಡಿಗೆ ಹಾಕಿದರೆ ಮಾತು ಬರುತ್ತದೆಯೇ, ಇಲ್ಲ ಜಮಖಂಡಿಯ ನರ್ಸರಿಗೆ ಹಾಕಬೇಕೇ?*

ತಂಗಿ, ಎರಡೂ ಆಮೇಲೆ. ನಿಮ್ಮ ಪತ್ರದಲ್ಲಿ ನನಗೆ ಸಿಟ್ಟು ಬಂದದ್ದು ಒಂದೇ ಪದಕ್ಕೆ: ‘ಹಾಗಾಗಿ’. ತಾಟು ಬಡಿದರೆ ತಿರುಗುತ್ತಾನೆ, ಹಾಗಾಗಿ ಕಿವಿ ಚೆನ್ನಾಗಿದೆ! ತಾಟಿನ ಸಪ್ಪಳಕ್ಕೆ ಅರ್ಧ ಕಿವುಡಿರುವ ಮಗುವೂ ತಿರುಗುತ್ತದೆ. ನೆಲದ ಅದುರಿಗೆ, ನಿಮ್ಮ ಕೈಯ ನೆರಳಿಗೆ ತಿರುಗುವ ಮಕ್ಕಳನ್ನೂ ಕಂಡಿದ್ದೇನೆ. ಮಾತು ಕಲಿಯಲು ತಾಟಿನ ಸಪ್ಪಳ ಕೇಳಿಸಿದರೆ ಸಾಲದು, ‘ಸ’ ಬೇರೆ ‘ತ’ ಬೇರೆ ಎಂದು ಕೇಳಿಸಬೇಕು. ಪದೇ ಪದೇ ನೆಗಡಿಯಾಗಿ ಕಿವಿಯ ಒಳಗೆ ನೀರು ನಿಂತ ಮಗುವಿಗೆ ಜಗತ್ತಿನ ಮಾತೆಲ್ಲ ದುಪ್ಪಟ್ಟಿ ಹೊದ್ದು ಕೇಳಿದಂತೆ ಕೇಳುತ್ತದೆ. ಹೊರಗಿನಿಂದ ಅದು ಯಾರಿಗೂ ಗೊತ್ತಾಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಕಿವಿ ಪರೀಕ್ಷೆ. ಮುಂದಿನ ತಿಂಗಳಲ್ಲ, ಈ ವಾರ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂಬುದೊಂದು 2013ರಿಂದ ಇದೆ. ಅದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಪ್ರತಿ ಅಂಗನವಾಡಿಗೆ ಬರಬೇಕು. ನಿಮ್ಮ ಅಂಗನವಾಡಿ ಅಕ್ಕೋರನ್ನು ಕೇಳಿ. ತಂಡ ಬರುವುದು ದೂರವಿದ್ದರೆ ಕಾಯಬೇಡಿ, ಜಿಲ್ಲಾ ಆಸ್ಪತ್ರೆಗೆ ಹೋಗಿ ‘ಡಿಇಐಸಿ ಎಲ್ಲೈತಿ’ ಎಂದು ಕೇಳಿ. ಮಕ್ಕಳ ತೊಂದರೆಗಳನ್ನು ಬೇಗ ಪತ್ತೆ ಹಚ್ಚುವ ವಿಭಾಗ ಅದು. ಕಿವಿಯಲ್ಲಿ ಸಣ್ಣ ಬಿರಡೆಯಂಥದ್ದನ್ನು ಇಟ್ಟು ಮಾಡುವ ಪರೀಕ್ಷೆ ಒಂದು, ಮಗು ಮಲಗಿದ್ದಾಗ ತಲೆಗೆ ತಂತಿ ಅಂಟಿಸಿ ಮಾಡುವ ‘ಬೇರಾ’ ಇನ್ನೊಂದು. ಎರಡರಲ್ಲೂ ನೋವಿಲ್ಲ. ಕಿವಿಗೆ ಬಿಸಿ ಎಣ್ಣೆ ಬಿಟ್ಟುಕೊಂಡು ಮಾತ್ರ ಹೋಗಬೇಡಿ, ಡಾಕ್ಟರಿಗೆ ಒಳಗೆ ಏನೂ ಕಾಣುವುದಿಲ್ಲ.

ಇಷ್ಟು ಅವಸರ ಯಾಕೆ ಎಂದು ಕೇಳುತ್ತೀರಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಬ್ಬ ತಾಯಿಗೆ ‘ಗಂಡು ಹುಡುಗರು ತಡವಾಗಿ ಮಾತಾಡ್ತಾರವಾ, ತಡಿ’ ಅಂದಿದ್ದೆ. ಆಕೆ ತಡೆದಳು. ಒಂದೂವರೆ ವರ್ಷ ತಡೆದಳು. ಹುಡುಗನಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ. ಮಿದುಳು ಮಾತಿಗಾಗಿ ಬಾಗಿಲು ತೆರೆದು ಕೂತಿರುವ ವರ್ಷಗಳು ಅವು. ಅದರಲ್ಲಿ ಒಂದೂವರೆ ವರ್ಷವನ್ನು ನನ್ನ ಒಂದು ಮಾತು ತಿಂದಿತು. ಅಂದಿನಿಂದ ‘ತಡಿ’ ಎಂಬ ಪದ ನನ್ನ ಬಾಯಿಂದ ಬಂದಿಲ್ಲ, ನಿಮ್ಮ ಅತ್ತೆಯ ಬಾಯಿಂದ ಬಂದರೂ ನನಗೆ ಮೈ ಉರಿಯುತ್ತದೆ. ಗಂಡು ಮಕ್ಕಳು ಹೆಣ್ಣು ಮಕ್ಕಳಿಗಿಂತ ತುಸು ಹಿಂದಿರಬಹುದು, ನಿಜ. ಆ ಅಂತರ ಎಣಿಸುವುದು ತಿಂಗಳ ಲೆಕ್ಕದಲ್ಲಿ, ವರ್ಷದ ಲೆಕ್ಕದಲ್ಲಲ್ಲ. ಎರಡು ವರ್ಷಕ್ಕೆ ‘ಅವ್ವ ಬಾ’, ‘ಹಾಲು ಬೇಕು’ ಎಂದು ಎರಡು ಪದ ಕೂಡಿಸಬೇಕು. ನಿಮ್ಮ ಮಗನ ಬಳಿ 2 ವರ್ಷ 8 ತಿಂಗಳಿಗೆ ಇರುವುದೇ ಎರಡು ಪದ.

ಇನ್ನೊಂದು ಮಾತು. ಕೈ ಹಿಡಿದು ಎಳೆಯುತ್ತಾನೆ ಎಂದಿದ್ದೀರಿ. ಬೆರಳು ತೋರಿಸುತ್ತಾನೆಯೇ? ಆಕಾಶದಲ್ಲಿ ವಿಮಾನ ಹೋದರೆ ಅದನ್ನು ತೋರಿಸಿ ನಿಮ್ಮ ಮುಖ ನೋಡುತ್ತಾನೆಯೇ? ಹೆಸರು ಕರೆದರೆ ತಿರುಗುತ್ತಾನೆಯೇ? ಮೊದಲು ಆಡುತ್ತಿದ್ದ ಮಾತು ನಿಂತುಹೋಗಿದೆಯೇ? ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆಸ್ಪತ್ರೆಯ ಸಾಲಿನಲ್ಲಿ ನಿಂತು ನಿಮ್ಮ ಪಾಳಿ ಬರುವಷ್ಟರಲ್ಲಿ ಅರ್ಧ ಮರೆತಿರುತ್ತೀರಿ.

ಬಜೆಯ ವಿಷಯ. ಬೇಡ. ‘ಹಿಂದಿನವರು ಕೊಟ್ಟಿಲ್ಲೇನು’ ಎಂಬ ಉತ್ತರ ನನಗೆ ಗೊತ್ತಿದೆ. ಆ ಬೇರಿನಲ್ಲಿ ಅಸರೋನ್ ಎಂಬ ವಿಷಕಾರಿ ಅಂಶವಿದೆ. ಅದೇ ಕಾರಣಕ್ಕೆ ಅಮೆರಿಕದಲ್ಲಿ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿದರು. ಬಜೆ ನೆಕ್ಕಿ ವಾಂತಿಯಾಗಿ ಆಸ್ಪತ್ರೆ ಸೇರಿದ ಕೂಸುಗಳಿವೆ. ಬಜೆಯಿಂದ ಮಾತು ಬಂದ ಕೂಸು ನನ್ನ ಕಣ್ಣಿಗೆ ಬಿದ್ದಿಲ್ಲ. ಬಿದ್ದಿದ್ದೆಲ್ಲ ಹೇಗೂ ಮಾತಾಡಲಿದ್ದ ಕೂಸುಗಳೇ. ನಾಲಿಗೆಯ ಕೆಳಗಿನ ನರ ಕತ್ತರಿಸುತ್ತೇನೆ ಎಂದು ಯಾರಾದರೂ ಬಂದರೆ ಹೊಸ್ತಿಲಲ್ಲೇ ಕಳಿಸಿ. ಬರೆ ಎಳೆಯುವವನನ್ನು ಪೊಲೀಸರಿಗೆ ಕೊಡಿ.

ಈಗ ನಿಮ್ಮ ಮನೆ. ಮಗ್ಗದ ಮನೆಗಳನ್ನು ನಾನು ಬಲ್ಲೆ. ರಬಕವಿ–ಬನಹಟ್ಟಿಯ ಓಣಿಯಲ್ಲಿ ನಿಂತರೆ ಎದೆಗೂಡು ಅದುರುತ್ತದೆ. ಸಾದಾ ಮಾತಿನ ಮಟ್ಟ ಸುಮಾರು 60 ಡೆಸಿಬೆಲ್, ಪಾವರ್‌ಲೂಮ್ ಓಡುವ ಕೋಣೆಯಲ್ಲಿ 90 ದಾಟುತ್ತದೆ. ದೊಡ್ಡವರು ಕಣ್ಣು, ಹುಬ್ಬು, ಕೈಯಲ್ಲೇ ಸಂಸಾರ ಮಾಡುತ್ತೀರಿ. ನಿಮಗೆ ಅದು ರೂಢಿ. ಆದರೆ ಆ ಕೂಸು ಮಾತನ್ನು ಎಲ್ಲಿಂದ ಹೆಕ್ಕಬೇಕು? ಕೈ ಎಳೆದು ತೋರಿಸುವುದನ್ನು ಅದು ನಿಮ್ಮಿಂದಲೇ ಕಲಿತಿದ್ದರೂ ಆಶ್ಚರ್ಯವಿಲ್ಲ. ಅಷ್ಟು ಸಪ್ಪಳ ದಿನವಿಡೀ ಕಿವಿಗೆ ಬಿದ್ದರೆ ಕಿವಿಯೂ ಕೆಡುತ್ತದೆ. ಮಗ್ಗ ನಿಲ್ಲಿಸಿ ಎಂದು ಹೇಳಲು ನನಗೆ ಬಾಯಿಲ್ಲ, ನಿಮ್ಮ ಹೊಟ್ಟೆಪಾಡು ಅದು. ತೊಟ್ಟಿಲು, ಹಾಸಿಗೆ, ಆಟದ ಜಾಗವನ್ನಾದರೂ ಮಗ್ಗದ ಗೋಡೆಯಿಂದ ಆದಷ್ಟು ದೂರಕ್ಕೆ ಒಯ್ಯಿರಿ.

ಕರೆಂಟ್ ಹೋದಾಗ ನೀವೆಲ್ಲ ಬೈಯುತ್ತಾ ಹೊರಗೆ ಬಂದು ಕೂಡುತ್ತೀರಲ್ಲ, ಅದೇ ನಿಮ್ಮ ಮಗನ ಶಾಲೆ. ಆ ಹೊತ್ತಿನಲ್ಲಿ ಫೋನ್ ಕೆಳಗಿಡಿ. ಅವನ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕೂತು ಮುಖ ಕಾಣುವಂತೆ ಮಾತಾಡಿ. ಕಂಡಿಕೆ ಸುತ್ತುವಾಗ ‘ಕೆಂಪು ನೂಲು ಬಂತು, ಈಗ ಹಸಿರು, ಅಯ್ಯೋ ಹರೀತು’ ಎನ್ನಿ. ರೊಟ್ಟಿ ಬಡಿಯುವಾಗ ಅವನ ಕೈಗೂ ಒಂದು ಹಿಟ್ಟಿನ ಉಂಡೆ ಕೊಡಿ. ‘ಬಡಿ, ಬಡಿ, ತಿರುವು, ಸುಡ್ತದ’, ಅಲ್ಲೇ ನಾಲ್ಕು ಪದವಾಯಿತು. ಹೇಳಿದ ಮೇಲೆ ಸುಮ್ಮನಾಗಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಇದು ಯಾರಿಗೂ ಆಗುವುದಿಲ್ಲ, ಮೂರಕ್ಕೇ ಬಾಯಿ ಹಾಕುತ್ತೀರಿ. ಎಣಿಸಿ. ಅವನು ‘ಊಂ’ ಎಂದು ತಂಬಿಗೆ ಕಡೆ ನೋಡಿದರೆ ‘ನೀರು. ನೀರು ಬೇಕು’ ಎಂದು ಅವನ ಪರವಾಗಿ ಹೇಳಿ ಕೊಡಿ. ‘ನೀರು ಅನ್ನು, ಅಂದ್ರ ಕೊಡ್ತೀನಿ’ ಎಂದು ಬಾಯಾರಿದ ಕೂಸನ್ನು ಕಾಡಬೇಡಿ. ಬಂದವರೆದುರು ‘ಇದೇನು? ಇದೇನು?’ ಎಂದು ಪರೀಕ್ಷೆ ಮಾಡುವುದೂ ಬೇಡ. ನೀವು ಎಂದಾದರೂ ನಿಮ್ಮ ಯಜಮಾನರನ್ನು ಚಮಚ ತೋರಿಸಿ ‘ಇದೇನು’ ಎಂದು ಕೇಳಿದ್ದೀರಾ?

ಅತ್ತೆಯವರ ಕೈಯಿಂದ ಬಜೆ ಕಸಿದರೆ ಜಗಳವಾಗುತ್ತದೆ. ಬದಲಿಗೆ ಕೆಲಸ ಕೊಡಿ. ತೊಡೆ ಮೇಲೆ ಕೂಡಿಸಿಕೊಂಡು ಹಾಡುವ ಹಾಡು ಅವರಿಗೆ ಎಷ್ಟು ಗೊತ್ತೋ ನಮಗೆ ಗೊತ್ತಿಲ್ಲ. ದಿನಾ ಅದೇ ಹಾಡು ಹಾಡಿ, ಸಾಲಿನ ಕೊನೆಯ ಪದಕ್ಕೆ ನಿಲ್ಲಿಸಿ ಕೂಸಿನ ಮುಖ ನೋಡಲಿ. ಆ ಖಾಲಿ ಜಾಗವನ್ನು ತುಂಬಲು ಅದು ಒದ್ದಾಡುವುದನ್ನು ನೋಡಿದ ಮೇಲೆ ಅವರೇ ಬಜೆಯನ್ನು ಎತ್ತಿಡುತ್ತಾರೆ.

ಫೋನು: ಎರಡು ವರ್ಷದೊಳಗೆ ಬೇಡವೇ ಬೇಡ, ಆಮೇಲೆ ಐದರವರೆಗೆ ದಿನಕ್ಕೆ ಒಂದು ತಾಸು ಮೀರಬಾರದು ಎಂದು ಮಕ್ಕಳ ವೈದ್ಯರ ಸಂಘವೇ ಹೇಳಿದೆ. ಫೋನು ಮಾತಾಡುತ್ತದೆ, ಕಾಯುವುದಿಲ್ಲ. ‘ಎ ಫಾರ್ ಆ್ಯಪಲ್’ ಎಂದು ಒದರಿ ನೀರು ಕೇಳಲು ಬಾರದ ಮಕ್ಕಳು ವಾರಕ್ಕೆ ಇಬ್ಬರಾದರೂ ನನ್ನ ಹತ್ತಿರ ಬರುತ್ತಾರೆ.

ಇದೆಲ್ಲ ಅಜ್ಜಿ ಕತೆ ಅನ್ನುವವರಿಗೆ ಜಮೈಕಾದ ಒಂದು ಲೆಕ್ಕ. 1980ರ ದಶಕದ ಕೊನೆಯಲ್ಲಿ ಕಿಂಗ್ಸ್‌ಟನ್ ಪಟ್ಟಣದ ಬಡ ಓಣಿಗಳಲ್ಲಿ ಬೆಳವಣಿಗೆ ಕುಂಠಿತವಾದ 129 ಕೂಸುಗಳನ್ನು ಹಿಡಿದು ಸ್ಯಾಲಿ ಗ್ರಂಥಮ್–ಮ್ಯಾಕ್‌ಗ್ರೆಗರ್ ಎಂಬ ವೈದ್ಯೆ ಒಂದು ಪ್ರಯೋಗ ನಡೆಸಿದರು. ಕೆಲವು ಮನೆಗಳಿಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಒಂದು ತಾಸು ಹೋಗುತ್ತಿದ್ದಳು, ಎರಡು ವರ್ಷ. ಆಕೆಯ ಚೀಲದಲ್ಲಿ ಇದ್ದದ್ದು ಮನೆಯಲ್ಲೇ ಮಾಡಿದ ಆಟಿಕೆ. ಆಕೆ ಆಡಿಸಿದ್ದು ಕೂಸನ್ನು, ಕಲಿಸಿದ್ದು ತಾಯಿಗೆ. ಇಪ್ಪತ್ತು ವರ್ಷದ ಮೇಲೆ ಹುಡುಕಿ ನೋಡಿದರೆ ಆ ಮಕ್ಕಳ ಗಳಿಕೆ ಉಳಿದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಿತ್ತು. ವಾರಕ್ಕೆ ಒಂದೇ ತಾಸು! ಆ ತಾಸಿನ ಕೆಲಸ ಉಳಿದ ಆರು ದಿನ ತಾಯಿಯ ಬಾಯಲ್ಲಿ ನಡೆದಿತ್ತು.

ಕೊನೆಗೆ ಅಂಗನವಾಡಿ. ಮೂರು ತುಂಬಿದ ಕೂಡಲೇ ಕಳಿಸಿ. ಮೂರು ತುಂಬುವವರೆಗೂ ಸುಮ್ಮನಿರಬೇಕಿಲ್ಲ, ಕೂಸಿನ ಜತೆ ನೀವೂ ಹೋಗಿ ಅರ್ಧ ತಾಸು ಕೂತು ಬನ್ನಿ. ಮನೆ ಭೇಟಿ ಅಕ್ಕೋರ ಕೆಲಸದ ಭಾಗ. ‘ನಮ್ಮ ಮನೀಗೂ ಬರ್ರಿ, ಮಗ್ಗ ನಿಂತಾಗ ಬರ್ರಿ’ ಎಂದು ಕರೆಯಿರಿ. ತಾಯಂದಿರ ಸಭೆಗೆ ಹೋಗಿ ಬಾಯಿ ಬಿಟ್ಟು ಕೇಳಿ. ನಿಮ್ಮ ಓಣಿಯಲ್ಲಿ ಇಂಥ ಕೂಸು ಇದೊಂದೇ ಇರಲಾರದು. ಜಮಖಂಡಿಯ ನರ್ಸರಿಗೆ ದಿನಾ ಬಸ್ಸಿನಲ್ಲಿ ಕೂಡಿಸಿ ಕಳಿಸಿದರೆ ಮಾತು ಬರುವುದಿಲ್ಲ, ನಿದ್ದೆ ಬರುತ್ತದೆ.

*ಮನೆಮಾತು ಮರಾಠಿ, ಓಣಿಯಲ್ಲಿ ಕನ್ನಡ, ಶಾಲೆ ಇಂಗ್ಲಿಷ್. ಮೊಮ್ಮಗಳಿಗೆ ಗೊಂದಲವಾಗಿ ಮಾತು ತಡವಾಗುವುದಿಲ್ಲವೇ? – ಒಬ್ಬ ಮುತ್ಯಾ, ಬೆಳಗಾವಿ*

ಆಗುವುದಿಲ್ಲ ಮುತ್ಯಾ. ನೀವು ನಿಮ್ಮ ಮರಾಠಿಯಲ್ಲಿ ಕತೆ ಹೇಳುತ್ತಾ ಹೋಗಿ. ಗೊಂದಲವಾಗುವುದು ಅರ್ಧಂಬರ್ಧ ಇಂಗ್ಲಿಷಿನಲ್ಲಿ ‘ಕಮ್, ಸಿಟ್, ಈಟ್’ ಎಂದು ಆಜ್ಞೆ ಮಾಡುವ ತಂದೆ–ತಾಯಿಗಳಿಂದ.

*ಮೂರೂವರೆ ವರ್ಷದ ಮಗಳಿಗೆ ಶಾಲೆಯಲ್ಲಿ 1ರಿಂದ 50 ಬರೆಯಲು ಕೊಡುತ್ತಾರೆ. ಅಳುತ್ತಾಳೆ. ಕೂಡಿಸಿ ಬರೆಸಲೇ? – ಅಥಣಿ*

ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿರುತ್ತವೆ. ಈ ವಯಸ್ಸಿನಲ್ಲಿ ಎಕ್ಸ್‌ರೇ ತೆಗೆದರೆ ಅರ್ಧ ಕಾಣುವುದಿಲ್ಲ, ಇನ್ನೂ ಮೆದುವಾಗಿಯೇ ಇರುತ್ತವೆ. ಪೆನ್ಸಿಲ್ ಹಿಡಿಯುವ ಹಿಡಿತ ಮಣ್ಣು ಕಲಸಿ, ಅವರೆಕಾಯಿ ಸುಲಿದು, ಮಣಿ ಪೋಣಿಸಿ ಬರಬೇಕು. ಬರೆಸಬೇಡಿ. ಮಿಸ್ ಕೇಳಿದರೆ ಈ ಪುಟ ತೋರಿಸಿ. ಒಂದನೇ ತರಗತಿಗೇ ಆರು ವರ್ಷ ತುಂಬಿರಬೇಕು ಎಂದು 2020ರ ಶಿಕ್ಷಣ ನೀತಿ ಹೇಳುತ್ತಿರುವಾಗ ಮೂರೂವರೆಗೆ ಐವತ್ತರ ಅವಸರ ಯಾರಿಗೆ?

*ಬೆರಳಚ್ಚು ತೆಗೆದು ಮಗು ಡಾಕ್ಟರ್ ಆಗುತ್ತದೋ ಎಂಜಿನಿಯರೋ ಹೇಳುತ್ತಾರಂತೆ. ಕಣ್ಣು ಕಟ್ಟಿ ಓದಿಸುವ ತರಬೇತಿಯೂ ಇದೆ. ಮಾಡಿಸಲೇ? – ವಿಜಯಪುರ*

ಕಣ್ಣಿನ ಪಟ್ಟಿಯ ಕೆಳಗೆ, ಮೂಗಿನ ಪಕ್ಕ ಸಂದಿ ಇರುತ್ತದೆ. ಆ ದುಡ್ಡಿಗೆ ತತ್ತಿ ತಗೊಳ್ಳಿ.

*ದಸರಾ ಮುಗಿದ ಮೇಲೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತೇವೆ. ನಾಲ್ಕು ವರ್ಷದ ಮಗಳನ್ನು ಆಯಿಯ ಹತ್ತಿರ ಬಿಡುವುದೋ, ಕರೆದೊಯ್ಯುವುದೋ? – ಇಂಡಿ ತಾಲ್ಲೂಕು*

ಈ ಪ್ರಶ್ನೆಗೆ ಬೈಯಲು ನನಗೆ ಮನಸ್ಸಿಲ್ಲ. ಆಯಿ ಗಟ್ಟಿಯಾಗಿದ್ದು ಮಗಳಿಗೆ ಅವಳ ಮೈ ರೂಢಿಯಿದ್ದರೆ ಬಿಟ್ಟು ಹೋಗಿ, ಇಲ್ಲಿನ ಅಂಗನವಾಡಿ ತಪ್ಪುವುದಿಲ್ಲ. ಕದ್ದು ಹೋಗಬೇಡಿ, ಹೇಳಿ ಹೋಗಿ, ಅತ್ತರೂ ಸರಿ. ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ. ಕರೆದೊಯ್ದರೆ ತಾಯಿ ಕಾರ್ಡ್, ಆಧಾರ್ ಜತೆಗಿರಲಿ. ಹೊರಡುವ ಮೊದಲು ಅಕ್ಕೋರಿಗೆ ತಿಳಿಸಿ, ಅವರ ಮೊಬೈಲಿನ ಪೋಷಣ್ ಟ್ರ್ಯಾಕರಿನಲ್ಲಿ ಮಗುವಿನ ಹೆಸರನ್ನು ಬೇರೆ ಊರಿಗೆ ವರ್ಗಾಯಿಸಲು ಬರುತ್ತದೆ. ಅಲ್ಲಿನ ಅಂಗನವಾಡಿಯವರು ‘ನಮ್ಮ ಊರವರಲ್ಲ’ ಅಂದರೆ ಒಪ್ಪಬೇಡಿ. ಗುಂಪಿನ ಹೆಂಗಸರೆಲ್ಲ ಒಟ್ಟಿಗೆ ಹೋಗಿ ಕೇಳಿ, ಒಬ್ಬಳೇ ಹೋದರೆ ಹೊರಗೆ ಕೂಡಿಸುತ್ತಾರೆ.

*ನಮ್ಮ ಅಂಗನವಾಡಿ ಅಕ್ಕೋರು ಹಾಡಿಸೋದು, ಆಡಿಸೋದು, ಕತಿ ಹೇಳೋದು ಬಿಟ್ಟರ ಏನೂ ಕಲಿಸೂದಿಲ್ಲ. ಯಾರಿಗೆ ದೂರು ಕೊಡಬೇಕ್ರಿ? – ಮುಧೋಳ*

ದೂರು ಬೇಡ. ಆ ಅಂಗನವಾಡಿಯ ವಿಳಾಸ ಕಳಿಸಿ, ನನ್ನ ಮೊಮ್ಮಗಳಿಗೆ ಬರುವ ತಿಂಗಳು ಮೂರು ತುಂಬುತ್ತದೆ.