ಎಣಿಕೆ ಒಂದರಲ್ಲೇ ನಿಂತಿದ್ದೇಕೆ?

ಪ್ರಶ್ನೆ: ನಾನು ಬಿ.ಸಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ. ಪೈಥಾನ್‌ನಲ್ಲಿ ‘ಪುಸ್ತಕ’ ಎಂಬ ಕ್ಲಾಸ್ (ಆಬ್ಜೆಕ್ಟ್‌ಗಳನ್ನು ಮಾಡುವ ಅಚ್ಚು) ಬರೆದು, ಎಷ್ಟು ಆಬ್ಜೆಕ್ಟ್‌ಗಳಾದವೆಂದು ತಿಳಿಯಲು ಅದರಲ್ಲಿ ‘ಎಣಿಕೆ = 0’ ಎಂದೂ, ಪ್ರತಿ ಆಬ್ಜೆಕ್ಟ್ ಹುಟ್ಟುವಾಗ ಓಡುವ ಕನ್‌ಸ್ಟ್ರಕ್ಟರ್‌ನಲ್ಲಿ ‘ಸೆಲ್ಫ್.ಎಣಿಕೆ += 1’ ಎಂದೂ ಬರೆದೆ. ಮೂರು ಪುಸ್ತಕ ಸೃಷ್ಟಿಸಿದರೂ ಪ್ರತಿಯೊಂದೂ 1 ಎಂದೇ ತೋರಿಸುತ್ತದೆ, ‘ಪುಸ್ತಕ.ಎಣಿಕೆ’ 0 ಆಗಿಯೇ ಇದೆ. ಆದರೆ ಅದೇ ಕ್ಲಾಸಿನಲ್ಲಿಟ್ಟ ‘ಪಟ್ಟಿ’ ಎಂಬ ಲಿಸ್ಟಿಗೆ ‘ಸೆಲ್ಫ್.ಪಟ್ಟಿ.ಅಪೆಂಡ್(ಸೆಲ್ಫ್)’ ಎಂದರೆ ಮೂರೂ ಸೇರುತ್ತವೆ. ಹೀಗೇಕೆ?

ಉತ್ತರ: ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿರುವುದು ಸಂತೋಷದ ವಿಷಯ, 2008ರಲ್ಲಿ ಬಂದ ಪೈಥಾನ್ 3ರಿಂದ ಅದಕ್ಕೆ ಅವಕಾಶವಿದೆ. ‘ಸೆಲ್ಫ್.ಎಣಿಕೆ’ಯನ್ನು ಓದುವಾಗ ಪೈಥಾನ್ ಮೊದಲು ‘ಸೆಲ್ಫ್’ ಸೂಚಿಸುವ ಆ ಆಬ್ಜೆಕ್ಟಿನಲ್ಲಿ, ಅಲ್ಲಿ ಸಿಗದಿದ್ದರೆ ಕ್ಲಾಸಿನಲ್ಲಿ ಹುಡುಕುತ್ತದೆ. ಆದರೆ ಅದೇ ಹೆಸರಿಗೆ ಬೆಲೆ ಕೊಡುವಾಗ ಕ್ಲಾಸಿನ ತನಕ ಹೋಗದೆ ಆಬ್ಜೆಕ್ಟಿನಲ್ಲೇ ಬರೆದುಬಿಡುತ್ತದೆ. += ಎಂಬುದರಲ್ಲಿ ಓದುವುದು, ಕೂಡುವುದು, ಬರೆಯುವುದು ಮೂರೂ ಅಡಗಿರುವುದರಿಂದ, ಕ್ಲಾಸಿನ 0ಯನ್ನು ಓದಿ, 1 ಕೂಡಿಸಿ, ಬಂದ ಮೊತ್ತವನ್ನು ಆ ಒಂದು ಪುಸ್ತಕದ ಸ್ವಂತ ಎಣಿಕೆಯಾಗಿ ಇಡುತ್ತದೆ. ಆಬ್ಜೆಕ್ಟಿನ ಸ್ವಂತ ಹೆಸರುಗಳನ್ನು ತೋರಿಸುವ ‘ವಾರ್ಸ್’ ಫಂಕ್ಷನ್ನಿಗೆ ಒಂದು ಪುಸ್ತಕವನ್ನು ಕೊಟ್ಟು ಪ್ರಿಂಟ್ ಮಾಡಿ ನೋಡಿ: ಅದರಲ್ಲಿ ‘ಎಣಿಕೆ’ ಕಾಣುತ್ತದೆ, ‘ಪಟ್ಟಿ’ ಕಾಣುವುದಿಲ್ಲ. ಅಪೆಂಡ್ ಯಾವ ಹೆಸರಿಗೂ ಹೊಸ ಬೆಲೆ ಕೊಡುವುದಿಲ್ಲ. ಕ್ಲಾಸಿನಲ್ಲಿರುವ ಒಂದೇ ಲಿಸ್ಟನ್ನು ಹಿಗ್ಗಿಸುತ್ತದೆ, ಅಷ್ಟೇ.

ಆದ್ದರಿಂದ ‘ಪುಸ್ತಕ.ಎಣಿಕೆ += 1’ ಎಂದು ಕ್ಲಾಸಿನ ಹೆಸರು ಹಿಡಿದೇ ಬರೆಯಿರಿ. ಜಾವಾ ಭಾಷೆಯಲ್ಲಿ ಇಡೀ ಕ್ಲಾಸಿಗೆ ಒಂದೇ ಆಗಿರುವ ಸ್ಟ್ಯಾಟಿಕ್ ವೇರಿಯಬಲ್ ಅನ್ನು ಆಬ್ಜೆಕ್ಟಿನ ಮೂಲಕ ಹೆಚ್ಚಿಸಿದರೂ ಬದಲಾಗುವುದು ಆ ಒಂದೇ ವೇರಿಯಬಲ್ ಆದ್ದರಿಂದ, ಅಲ್ಲಿಂದ ಬಂದವರು ಇಲ್ಲಿ ಎಡವುವುದು ಸಹಜ. ಕೆಲವರು ‘ಟೈಪ್(ಸೆಲ್ಫ್).ಎಣಿಕೆ += 1’ ಎಂದು ಆಬ್ಜೆಕ್ಟಿನ ಸ್ವಂತ ಕ್ಲಾಸಿನಲ್ಲಿ ಬರೆಯುತ್ತಾರೆ; ಮುಂದೆ ‘ನಿಘಂಟು’ ಎಂಬ ಉಪಕ್ಲಾಸ್ ಮಾಡಿದರೆ ಅದೂ ತೊಂದರೆಯೇ. ಮೂರು ಪುಸ್ತಕಗಳ ನಂತರ ಬಂದ ಮೊದಲ ನಿಘಂಟು ‘ನಿಘಂಟು.ಎಣಿಕೆ’ಯನ್ನು 4 ಮಾಡುತ್ತದೆ, ‘ಪುಸ್ತಕ.ಎಣಿಕೆ’ ಮಾತ್ರ 3ರಲ್ಲೇ ಉಳಿಯುತ್ತದೆ.

ನೀವು ಕೇಳದ ಒಂದು ಮಾತನ್ನೂ ಹೇಳಲೇಬೇಕು. ನಿಮ್ಮ ಎಣಿಕೆ ಹೇಳುವುದು ಎಷ್ಟು ಪುಸ್ತಕಗಳು ಹುಟ್ಟಿದವೆಂದು, ಈಗ ಎಷ್ಟು ಉಳಿದಿವೆಯೆಂದಲ್ಲ. ಪಟ್ಟಿಯಿಂದಲೂ ಅದು ತಿಳಿಯದು, ಏಕೆಂದರೆ ‘ಡೆಲ್’ ಎಂದು ನೀವು ಹೆಸರನ್ನು ಅಳಿಸಿದರೂ ಪಟ್ಟಿಯೇ ಆ ಆಬ್ಜೆಕ್ಟನ್ನು ಹಿಡಿದುಕೊಂಡಿರುತ್ತದೆ, ಮೆಮೊರಿ ಬಿಡುಗಡೆಯಾಗುವುದಿಲ್ಲ. ಉಳಿದವುಗಳನ್ನೇ ತಿಳಿಯಬೇಕಿದ್ದರೆ ಲಿಸ್ಟಿನ ಬದಲು, ಆಬ್ಜೆಕ್ಟನ್ನು ಹಿಡಿದಿಟ್ಟುಕೊಳ್ಳದ ‘ವೀಕ್‌ರೆಫ್’ ಮಾಡ್ಯೂಲಿನ ‘ವೀಕ್‌ಸೆಟ್’ ಬಳಸಿ, ಅಪೆಂಡ್ ಇದ್ದಲ್ಲಿ ‘ಆಡ್’ ಎಂದು ಬರೆಯಿರಿ. ಬೇರಾರೂ ಬಳಸದ ಆಬ್ಜೆಕ್ಟ್ ಅಳಿದಾಗ ಅದು ತಾನಾಗಿಯೇ ಸೆಟ್ಟಿನಿಂದ ಜಾರುತ್ತದೆ. ಸೆಟ್ಟಿನಲ್ಲಿ ಸಾಲುಕ್ರಮ ಇರುವುದಿಲ್ಲವಾದ್ದರಿಂದ, ಎಣಿಕೆ ಹೆಚ್ಚಿಸಿದ ಕೂಡಲೇ ‘ಸೆಲ್ಫ್.ಕ್ರಮಸಂಖ್ಯೆ = ಪುಸ್ತಕ.ಎಣಿಕೆ’ ಎಂದು ಪ್ರತಿ ಪುಸ್ತಕದಲ್ಲೂ ಬರೆದಿಟ್ಟುಕೊಳ್ಳಿ.